ಕಮರದ ದಿಮ್ಮಿ: ಯಾವ ಕೆಲಸಕ್ಕೆ ಬರುತ್ತದೆ, ಹೇಗೆ ಕೊಯ್ಯಿಸಬೇಕು?

ಚಿಂಚೋಳಿ ರೈತ

ಹೊಲದ ಬದುವಿನ ಮ್ಯಾಲಿನ ಕಮರದ ಮರ ಈ ಶ್ರಾವಣದ ಗಾಳಿ-ಮಳಿಗೆ ನೆಲದಿಂದ ನಾಲ್ಕಡಿ ಎತ್ತರಕ್ಕ ಮುರಿದು ಬಿದ್ದದ. ನೆಟ್ಟಗಿನ ಬೊಡ್ಡಿ 14 ಅಡಿ, ನಡುವಿನ ಸುತ್ತಳತಿ 5 ಅಡಿ. ಮ್ಯಾಲ ಮೂರು ದಪ್ಪ ಕೊಂಬಿ ಅದಾವ, ಒಂದೊಂದರ ಸುತ್ತಳತಿ ಎರಡರಿಂದ ಎರಡೂವರಿ ಅಡಿ. ಉದಗೀರ ಕಡಿಯವರು ಇದಕ್ಕ ಅಂಜನ ಅಂತಾರ, ತಾಂಡೂರ ಕಡಿಯವರು ನಾರೇಪ ಅಂತಾರ.

ಕಟ್ಟಿಗಿ ವ್ಯಾಪಾರದವರು ಸುಡೋ ಕಟ್ಟಿಗಿ ಲೆಕ್ಕದಾಗ ಕೇಳ್ಯಾರ. ಕೊಡೋ ಮನಸ್ಸಿಲ್ಲ. ಹೊಸ ಮನಿಗಿ ಬಾಗಿಲ ಚೌಕಟ್ಟು ಬೇಕಾಗ್ಯಾವ, ಆದ್ರ ಈ ಮರ ಸೀಳ್ತದ, ಸೊಟ್ಟ ಆಗ್ತದ ಅಂತ ಬಡಿಗೇರು ಹಿಂದ ಸರೀತಾರ. ಕೇಳೋದು ಇಷ್ಟ: ಚೌಕಟ್ಟಿಗಿ ಬರ್ತದೇನು? ಈಗೇ ಕೊಯ್ಯಿಸಬೇಕೋ, ಮಳಿಗಾಲ ಮುಗಿಲಿ ಅಂತ ಬಿಡಬೇಕೋ? ಉಳಿದ ತುಂಡು, ಕೊಂಬಿ ಯಾವುದಕ್ಕ ಹಾಕಬಹುದು?

ಬೀದರ ಬಡಿಗ

ಚೌಕಟ್ಟಿಗೆ ಖಂಡಿತ ಬರುತ್ತದೆ. ಹೊಸ್ತಿಲಿಗಂತೂ ಇದಕ್ಕಿಂತ ಒಳ್ಳೆಯ ಮರ ನಮ್ಮ ಬೀದರ, ಕಲಬುರಗಿ, ಯಾದಗಿರಿ ಮೂರು ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಸುಡಲು ಕೊಡಬೇಡಿ.

ಮೊದಲು ಮರ ಕಮರವೇ ಹೌದಾ ಎಂದು ಖಚಿತ ಮಾಡಿಕೊಳ್ಳಿ. ತೊಟ್ಟಿನ ತುದಿಯಲ್ಲಿ ಎರಡು ಬಿಡಿ ಎಲೆಗಳು ಬುಡದಲ್ಲಿ ಮಾತ್ರ ಕೂಡಿಕೊಂಡಿದ್ದರೆ ಕಮರ (ಹಾರ್ಡ್‌ವಿಕಿಯಾ ಬೈನಾಟಾ). ಒಂದೇ ಎಲೆ ತುದಿಯಲ್ಲಿ ಸೀಳಿದಂತಿದ್ದರೆ ಅದು ಆಪ್ಟಾ, ಬೇರೆಯೇ ಮರ. ಕಮರದ ಕಾಯಿ ಕಾಗದದಷ್ಟು ತೆಳು, ಚಪ್ಪಟೆ, ತುದಿಯಲ್ಲಿ ಒಂದೇ ಬೀಜ. ಕೊಯ್ದ ಮುಖದಲ್ಲಿ ಹೊರಗೆ ಸಣ್ಣ ಬಿಳಿ ಪಟ್ಟಿ, ಒಳಗೆ ಕಡುಗೆಂಪು-ಕಂದು ತಿರುಳು, ಅದರಲ್ಲಿ ನೇರಳೆ ಛಾಯೆಯ ಗೆರೆಗಳು ಕಾಣಬೇಕು. ಆ ತಿರುಳಿನ ತುಂಡನ್ನು ನೀರಿಗೆ ಹಾಕಿದರೆ ಮುಳುಗುತ್ತದೆ, ಪೂರಾ ಒಣಗಿದ್ದರೂ ಮುಳುಗುತ್ತದೆ.

ಆ ತೂಕವೇ ಎಲ್ಲವನ್ನೂ ತೀರ್ಮಾನಿಸುವುದು. ಒಣಗಿದ ಕಮರ ಘನ ಮೀಟರಿಗೆ ಸುಮಾರು 1080 ಕಿಲೋ, ಎಂದರೆ ಘನ ಅಡಿಗೆ 30 ಕಿಲೋ ದಾಟುತ್ತದೆ. ತೇಗ ಘನ ಅಡಿಗೆ 18 ಕಿಲೋ ಆಸುಪಾಸು. ನಿಮ್ಮ ಬೊಡ್ಡೆ ಕಾಲು ಸುತ್ತಳತೆಯ ಲೆಕ್ಕದಲ್ಲಿ (15 ಇಂಚು × 15 ಇಂಚು × 14 ಅಡಿ) ಸುಮಾರು 22 ಘನ ಅಡಿ. ಆದರೆ ಅದು ವ್ಯಾಪಾರದ ಅಳತೆ. ದುಂಡಗಿನ ನಿಜವಾದ ಗಾತ್ರ 28 ಘನ ಅಡಿಗೆ ಹತ್ತಿರ, ಹಸಿ ಇರುವಾಗ ಒಂದು ಟನ್ನಿನ ಮೇಲೆಯೇ ತೂಗುತ್ತದೆ. ನಾಲ್ಕು ಜನ ಸೇರಿ ಹೊರಳಿಸಿ ಗಾಡಿಗೆ ಏರಿಸುತ್ತೇವೆ ಎಂದು ಹೋಗಬೇಡಿ, ಚೈನ್ ಪುಲ್ಲಿ ಇಲ್ಲವೇ ಜೆಸಿಬಿ ಬೇಕು.

5 × 3 ಇಂಚಿನ, 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಚೌಕಟ್ಟಿಗೆ ಹೊಸ್ತಿಲು ಸೇರಿ ಸುಮಾರು 2.2 ಘನ ಅಡಿ ಮರ ಹೋಗುತ್ತದೆ. ತೇಗದ್ದಾದರೆ 40 ಕಿಲೋ, ಕಮರದ್ದು 67 ಕಿಲೋ. ಗೋಡೆಯಲ್ಲಿ ಕೂರುವ ಚೌಕಟ್ಟಿಗೆ ಆ ತೂಕ ತೊಂದರೆಯಲ್ಲ. ಬಾಗಿಲಿನ ಹಲಗೆಗೆ ಮಾತ್ರ ಹಾಕಬೇಡಿ. ಕೀಲುಗಳು ತಾಳುವುದಿಲ್ಲ, ಅಗಲ ಹಲಗೆ ನೆಟ್ಟಗೂ ಉಳಿಯುವುದಿಲ್ಲ.

ಈಗ ಕತ್ತರಿಸುವ ಕ್ರಮ. ಇಲ್ಲಿಯೇ ಮರ ಹಾಳಾಗುವುದು. 14 ಅಡಿಯನ್ನು ನಡುವೆ ಕತ್ತರಿಸಿ ಏಳೇಳು ಅಡಿ ಮಾಡಬೇಡಿ. ಎರಡೂ ತುದಿ ಒಣಗುವಾಗ ಸೀಳುತ್ತವೆ. ಆರಾರು ಇಂಚು ಕಡಿದು ಹಾಕಿದರೆ ಉಳಿಯುವುದು ಆರಡಿ, ಚೌಕಟ್ಟಿನ ನಿಲುವುಕಂಬಕ್ಕೆ ಸಾಲುವುದಿಲ್ಲ. 8 ಅಡಿ ಮತ್ತು 6 ಅಡಿ ಮಾಡಿಸಿ. 8 ಅಡಿಯಿಂದ ನಿಲುವುಕಂಬ, 6 ಅಡಿಯಿಂದ ಮೇಲಿನ ಅಡ್ಡಪಟ್ಟಿ ಮತ್ತು ಹೊಸ್ತಿಲು. ಮಿಲ್ಲಿನಲ್ಲಿ ಮೊದಲ ಕೊಯ್ತ ಸರಿಯಾಗಿ ನಡುದಿಂಡಿನ (ಬಳೆಗಳ ನಟ್ಟನಡುವಿನ ಭಾಗ) ಮೂಲಕ ಹಾಯಲಿ. ಆಗ ಮರದೊಳಗಿನ ಬಿಗಿತ ಬಿಡುತ್ತದೆ. ಯಾವ ತುಂಡಿನ ಒಳಗೂ ನಡುದಿಂಡು ಪೂರಾ ಸಿಕ್ಕಿಕೊಂಡು ಉಳಿಯಬಾರದು, ಉಳಿದರೆ ಆ ತುಂಡು ಉದ್ದಕ್ಕೂ ಬಿರಿಯುವುದು ಖಚಿತ. ಕಾರಣ ಸರಳ. ಮರ ತನ್ನ ಬಳೆಗಳ ಸುತ್ತಿನ ದಿಕ್ಕಿನಲ್ಲಿ ಹೆಚ್ಚು ಕುಗ್ಗುತ್ತದೆ, ನಡುವಿನಿಂದ ಹೊರಗಿನ ದಿಕ್ಕಿನಲ್ಲಿ ಕಡಿಮೆ ಕುಗ್ಗುತ್ತದೆ. ನಡುದಿಂಡು ಒಳಗಿದ್ದರೆ ಆ ವ್ಯತ್ಯಾಸಕ್ಕೆ ಎಲ್ಲೋ ಒಂದು ಕಡೆ ಸೀಳಲೇಬೇಕು.

ಮುಗಿದ ಅಳತೆ 5 × 3 ಬೇಕಾದರೆ 5½ × 3½ ಕೊಯ್ಯಿಸಿ. ತೊಗಟೆ, ಬಿಳಿ ಭಾಗ ಕಳೆದು 15 ಇಂಚಿನ ತಿರುಳು ಸಿಕ್ಕರೆ ಒಂದು ದಿಮ್ಮಿಗೆ ಐದು ತುಂಡು ನಂಬಬಹುದು. ಹಾಗಾದರೆ ಎರಡು ಚೌಕಟ್ಟು ಪೂರ್ತಿ, ಒಂದು ಉದ್ದ ತುಂಡು ಹೆಚ್ಚಿಗೆ. 6 ಅಡಿಯ ತುಂಡುಗಳಲ್ಲಿ ನಾಲ್ಕಡಿ ಅಡ್ಡಪಟ್ಟಿಗೆ, ಒಂದಡಿ ತುದಿಯ ಸೀಳಿಗೆ ಹೋಗಿ ಒಂದಡಿ ಉಳಿಯುತ್ತದೆ. ಅದಕ್ಕೂ ಕೆಲಸ ಇದೆ, ಎಸೆಯಬೇಡಿ.

ಕೊಯ್ಯಿಸುವುದು ಈಗಲೇ. ಇದು ಒಣಗಿಸಲು ತೀರ ಹಟಮಾರಿ ಮರ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಗಾಳಿ ಬಿಸಿಯಾಗಿ ಒಣಗಿದಾಗ ಮರದ ತೇವ ಶೇ 5-6ರ ಕಡೆಗೆ ಇಳಿಯಲು ನೋಡುತ್ತದೆ, ಮಳೆಗಾಲದಲ್ಲಿ ಶೇ 14-15ರಲ್ಲಿ ನಿಲ್ಲುತ್ತದೆ. ದಿಮ್ಮಿಯಾಗಿಯೇ ಬೇಸಿಗೆ ಕಂಡರೆ ಹೊರಮೈ ಒಣಗಿ ಬಿಗಿಯುತ್ತದೆ, ಒಳಗೆ ಹಸಿ ಉಳಿಯುತ್ತದೆ, ಕೈಬೆರಳು ತೂರುವಷ್ಟು ಅಗಲ ಸೀಳು ಬರುತ್ತದೆ. ಮಳೆಗಾಲದಲ್ಲಿ ಕೊಯ್ದರೆ ಮುಂದಿನ ಐದಾರು ತಿಂಗಳು ನಿಧಾನವಾಗಿ ತೇವ ಬಿಡಲು ಅವಕಾಶ ಸಿಗುತ್ತದೆ.

ಕಲಬುರಗಿ ಸಾಮಿಲ್

ಬಡಿಗಣ್ಣ ಹೇಳಿದ್ದರಾಗ ಒಂದಕ್ಕ ಮಾತ್ರ ನನ್ನ ತಕರಾರು ಅದ. ಈಗೇ ಕೊಯ್ಯಿಸ್ರಿ ಅಂದ್ರು, ಆದ್ರ ಕೊಯ್ದದ್ದು ಎಲ್ಲಿ ಇಡ್ತಾರ ಅದನ್ನ ಮೊದಲು ನೋಡ್ರಿ. ನೆರಳು, ಗಾಳಿ ಎರಡೂ ಇರೋ ಜಾಗ ಇಲ್ಲಂದ್ರ, ಮಳಿಗಾಲದಾಗ ಒಂದರ ಮ್ಯಾಲ ಒಂದು ಒತ್ತಿ ಇಟ್ಟ ಹಸಿ ತುಂಡಿನ ಬಿಳಿ ಭಾಗಕ್ಕ ಬೂಷ್ಟು ಹಿಡೀತದ, ಹುಳಾನೂ ಬೀಳ್ತದ. ತಿರುಳಿಗೆ ಏನೂ ಆಗಂಗಿಲ್ಲ. ಕಮರದ ತಿರುಳು ಗೆದ್ದಲಿಗೂ ಬಗ್ಗಂಗಿಲ್ಲ. ಹಂಗಾಗಿ ಮಿಲ್ಲಿನ್ಯಾಗೇ ಬಿಳಿ ಭಾಗ ಪೂರಾ ತೆಗೆಸಿಬಿಡ್ರಿ. ಜಾಗ ಇಲ್ಲಂದ್ರ ಸೆಪ್ಟೆಂಬರ ಕೊನಿ ತನಕ ದಿಮ್ಮಿ ನೆರಳಾಗ ಇಡ್ರಿ, ಅದಕ್ಕಿಂತ ಮುಂದ ತಳ್ಳಬ್ಯಾಡ್ರಿ.

ತುದಿಗಿ ಬಳಿಯೋದು ಮಾತ್ರ ಇವತ್ತೇ ಆಗಬೇಕು. ತೇವ ಅಡ್ಡಮೈಗಿಂತ ತುದಿಯಿಂದ ಭಾಳ ಲಗೂನ ಹೋಗ್ತದ, ಅದಕ್ಕ ಸೀಳು ತುದಿಯಿಂದೇ ಸುರು ಆಗ್ತದ. ಮುರಿದ ಜಾಗ ಸಿಗರು ಎದ್ದಿರ್ತದ, ಅದನ್ನ ನೆಟ್ಟಗ ಕತ್ತರಿಸಿ, ಅದೇ ದಿನ ಕರಗಿಸಿದ ಮೇಣ ಇಲ್ಲಾ ಡಾಂಬರದ ಕರಿ ಪೇಂಟ್ ಎರಡು ಕೈ ದಪ್ಪಗ ಹಚ್ಚ್ರಿ. ಏನೂ ಸಿಗಲಿಲ್ಲಂದ್ರ ಹಳೇ ಆಯಿಲ್ ಪೇಂಟ್ ಆದ್ರೂ ನಡೀತದ. ಕೊಂಬಿ ಕಡಿದ ಗಾಯಕ್ಕೂ ಹಚ್ಚಬೇಕು. ಎಂಟು ದಿನ ತಡ ಆಗಿ ಕೂದಲೆಳಿ ಸೀಳು ಕಂಡಾವ ಅಂದ್ರ ಅದರ ಮ್ಯಾಲ ಬಳದು ಉಪಯೋಗಿಲ್ಲ. ಮೊದಲು ಸೀಳು ಮುಗಿಯೋ ತನಕ ಕಡೀಬೇಕು, ಆಮ್ಯಾಲ ಬಳೀಬೇಕು.

ಬದುವಿನ ಮರದಾಗ ತಂತಿ, ಮೊಳಿ, ಬೇಲಿ ಕೊಂಡಿ ಇದ್ದೇ ಇರ್ತಾವ. ತೊಗಟಿ ತೆಗೆದು, ನೀಲಿ-ಕಪ್ಪು ಕಲಿ ಕಂಡಲ್ಲಿ ಉಳಿ ಹಾಕಿ ನೋಡ್ರಿ. ಕಬ್ಬಿಣ ತಾಗಿದಲ್ಲಿ ಮರ ಕರ್ರಗಾಗಿರ್ತದ. ಮುಚ್ಚಿಟ್ಟು ತಂದ್ರ ಬ್ಲೇಡು ಹೋಗ್ತದ, ಮಿಲ್ಲಿನವರು ಅರ್ಧಕ್ಕ ಬಿಟ್ಟು ಕೈ ಎತ್ತತಾರ.

ಹಸಿ ಇದ್ದಾಗ ಕೊಯ್ಯೋದು ಇನ್ನೊಂದು ಕಾರಣಕ್ಕೂ ಚಲೋ. ಒಣಗಿದ ಕಮರ ಬ್ಲೇಡಿನ ಹಲ್ಲು ಅರ್ಧ ತಾಸಿನಾಗ ಮೊಂಡ ಮಾಡ್ತದ. ಮೊಂಡ ಹಲ್ಲು ಕೊಯ್ಯಂಗಿಲ್ಲ, ತಿಕ್ಕತದ. ಬಿಸಿ ಆಗಿ ಬ್ಲೇಡು ಸೊಟ್ಟ ಓಡ್ತದ, ತುಂಡು ಒಂದು ಕಡಿ ಮೂರು ಇಂಚು, ಇನ್ನೊಂದು ಕಡಿ ಮೂರೂವರಿ ಬರ್ತದ. ಹೊಸದಾಗಿ ಮಸೆದ ಬ್ಲೇಡು ಹಾಕ್ರಿ, ನಿಧಾನಕ ನೂಕ್ರಿ ಅಂತ ಮೊದಲೇ ಹೇಳ್ರಿ, ಅದಕ್ಕ ಎರಡು ರೂಪಾಯಿ ಹೆಚ್ಚು ಕೇಳಿದ್ರೂ ಕೊಡ್ರಿ. ಹಲ್ಲಿಗಿ ಅಂಟು ಮೆತ್ತಿದ್ರ ಸೀಮೆಎಣ್ಣಿ ಬಟ್ಟಿಲೆ ಒರಸಬೇಕು.

ಮತ್ತ ಒಂದು. ಗಾಡಿಗೆ ಹಾಕೋಕಿಂತ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗಿ ತಿಳಿಸಿ, ಸಾಗಣಿ ಪರವಾನಗಿ ವಿಚಾರ ಬಗೆಹರಿಸ್ಕೋರಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು ಖಾಸಗಿ ಹೊಲದ ಮರಕ್ಕೂ ಅನ್ವಯ ಆಗ್ತದ. ತಾನೇ ಬಿದ್ದ ಮರ ಅಂತ ಸುಮ್ಮನಿರಬ್ಯಾಡ್ರಿ. ನಿಮ್ಮ ಚಿಂಚೋಳಿ ಅಭಯಾರಣ್ಯದ ಆಸುಪಾಸು ಇರೋದರಿಂದ, ಬುಡ ಹೊಲದಾಗೇ ಅದ ಅಂತ ತೋರಿಸೋ ಪಹಣಿ, ಫೋಟೊ ಕೈಯಾಗಿರ್ಲಿ. ಬುಡ ಇನ್ನೂ ನಿಂತದ ಅಂದ್ರಲ್ಲ, ಪರಿಶೀಲನಾ ಆಗೋ ತನಕ ಅದನ್ನ ಕೀಳಿಸಬ್ಯಾಡ್ರಿ.

ಚಿಂಚೋಳಿ ರೈತ

ದನದ ಕೊಟಗಿ ಹಿಂದ ತಗಡಿನ ಶೆಡ್ ಅದ, ಎರಡು ಕಡಿ ತೆರೆದದ. ಅಲ್ಲಿ ಇಡಬಹುದಾ? ಎಷ್ಟು ದಿನ ಒಣಗಬೇಕು, ಒಣಗ್ಯಾದ ಅಂತ ಗೊತ್ತಾಗೋದು ಹ್ಯಾಂಗ? ಕೊಂಬಿಯಿಂದ ಕುಂಟಿ, ಕೊಡಲಿ ಕಾವು ಮಾಡಿಸಬಹುದಾ?

ಬೀದರ ಬಡಿಗ

ಸಾಮಿಲ್ ಅಣ್ಣ ಹೇಳಿದ ಜಾಗದ ಮಾತು ಸರಿ. ನಿಮ್ಮ ಶೆಡ್ ಸಾಕು, ಆದರೆ ಬಿಸಿಗಾಳಿ ಹೊಡೆಯುವ ತೆರೆದ ಮಗ್ಗುಲಿಗೆ ಫೆಬ್ರವರಿಯಿಂದ ಮಳೆ ಬರುವವರೆಗೆ ಗೋಣಿ ತಟ್ಟು ಕಟ್ಟಿ. ಗಾಳಿ ಪೂರ್ತಿ ನಿಲ್ಲಬಾರದು, ವೇಗ ಮಾತ್ರ ಇಳಿಯಬೇಕು. ಗಂಜಳ ಹರಿದು ಬರುವ ಕಡೆ ಬೇಡ.

ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಜೋಡಿಸಿ. ನಿಮ್ಮಲ್ಲಿ ಶಹಾಬಾದ ಪರಸಿ (ಹಾಸುಗಲ್ಲು) ಸಿಗುತ್ತದೆ, ತುಂಡು ಪರಸಿಯನ್ನೇ ಒಂದರ ಮೇಲೊಂದು ಇಟ್ಟರೆ ಮಟ್ಟ ನೋಡುವುದು ಸುಲಭ. ಕೆಳಗಿನ ಸಾಲು ಸೊಟ್ಟಗಿದ್ದರೆ ಮೇಲಿನದೆಲ್ಲ ಅದೇ ಸೊಟ್ಟದಲ್ಲಿ ಒಣಗುತ್ತದೆ. ಸಾಲುಗಳ ನಡುವೆ ಮುಕ್ಕಾಲು ಇಂಚಿನ ಒಣ ಪಟ್ಟಿಗಳು, ಎರಡೆರಡು ಅಡಿಗೆ ಒಂದು, ಎಲ್ಲ ಸಾಲಿನಲ್ಲೂ ಪಟ್ಟಿ ಪಟ್ಟಿಯ ಮೇಲೆಯೇ ಬರಬೇಕು. ಸಾಧಾರಣ ಮರಕ್ಕೆ ಒಂದು ಇಂಚಿನ ಪಟ್ಟಿ ಹಾಕುತ್ತೇವೆ, ಇದಕ್ಕೆ ಗಾಳಿ ಕಡಿಮೆ ಆಡಲಿ ಎಂದು ತೆಳ್ಳಗಿನದು. ಕೊನೆಯ ಪಟ್ಟಿಗಳು ತುಂಡಿನ ತುದಿಗೆ ಸರಿಸಮ ಇರಲಿ. ಮೇಲೆ ಹತ್ತಿಪ್ಪತ್ತು ಪರಸಿ ಹೇರಿ ಬಿಗಿ ಮಾಡಿ. ಎಳೆ ಒಂದಕ್ಕೊಂದು ಹೆಣೆದುಕೊಂಡ ಮರ, ಹೊರೆ ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ.

ಮೂರೂವರೆ ಇಂಚು ದಪ್ಪಕ್ಕೆ ಒಂದು ವರ್ಷ ಕನಿಷ್ಠ, ಒಂದೂವರೆ ವರ್ಷ ಒಳ್ಳೆಯದು. ಮೇಲುಮೈ ಮುಟ್ಟಿ ತೀರ್ಮಾನ ಮಾಡಬೇಡಿ, ಈ ಮರದಲ್ಲಿ ಮೇಲುಮೈ ಮೋಸ ಮಾಡುತ್ತದೆ. ಹೆಚ್ಚಿಗೆ ಉಳಿದ ಒಂದು ತುಂಡಿನ ತುದಿಯಿಂದ ಒಂದಡಿ ಒಳಗೆ ಒಂದು ಇಂಚಿನ ಬಿಲ್ಲೆ ಕೊಯ್ದು ತಕ್ಷಣ ತೂಕ ಮಾಡಿ. ಆಮೇಲೆ 103 ಡಿಗ್ರಿ ಸೆಲ್ಸಿಯಸ್ ಕಾವಿನ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು ಮತ್ತೆ ತೂಗಿ. ಹಸಿ ತೂಕ 360 ಗ್ರಾಂ, ಒಣ ತೂಕ 300 ಗ್ರಾಂ ಬಂತೆನ್ನಿ. ವ್ಯತ್ಯಾಸ 60, ಅದನ್ನು 300ರಿಂದ ಭಾಗಿಸಿದರೆ ಶೇ 20. ಚೌಕಟ್ಟಿಗೆ ಶೇ 14 ಬರುವವರೆಗೆ ಕಾಯಿರಿ. ಓವನ್ ಸಿಗದಿದ್ದರೆ ಒಂದು ತುಂಡಿಗೆ ಗುರುತು ಹಾಕಿ ತಿಂಗಳಿಗೊಮ್ಮೆ ಕಿರಾಣಿ ಅಂಗಡಿಯ ಕಾಟಾದಲ್ಲಿ ತೂಗಿಸಿ. ಬೇಸಿಗೆಯಲ್ಲಿ ಸತತ ಎರಡು ತಿಂಗಳು ತೂಕ ಕದಲದಿದ್ದರೆ ಕೆಲಸಕ್ಕೆ ಎತ್ತಬಹುದು.

ಬಿಳಿ ಭಾಗ ಎಲ್ಲಾದರೂ ಉಳಿದಿದ್ದರೆ 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಬ್ರಷ್ಷಿನಿಂದ ಎರಡು ಮೂರು ಸಲ ಹಚ್ಚಿ. ಮಳೆ ನೀರಿಗೆ ಇದು ತೊಳೆದು ಹೋಗುತ್ತದೆ, ಮನೆಯೊಳಗಿನ ಕೆಲಸಕ್ಕೆ ಮಾತ್ರ. ತಿರುಳಿಗೆ ಔಷಧಿ ಬೇಕಿಲ್ಲ, ಹಚ್ಚಿದರೂ ಒಳಗೆ ಇಳಿಯುವುದಿಲ್ಲ.

ಜೋಡಣೆಯಲ್ಲಿ ಬಡಿಗೇರು ಹಿಂದೆ ಸರಿಯಲು ಕಾರಣ ಇದೆ. ರಂದಾ ಹೊಡೆದರೆ ಎಳೆ ಒಂದು ಕಡೆ ನಯ, ಮುಂದೆ ನಾಲ್ಕಿಂಚು ಬಿಟ್ಟು ಕಿತ್ತು ಬರುತ್ತದೆ. ರಂದಾದ ಅಲಗು ಸಾಮಾನ್ಯವಾಗಿ 45 ಡಿಗ್ರಿ ಕೋನದಲ್ಲಿ ಕೂತಿರುತ್ತದೆ. ಇದಕ್ಕೆ 55ರಿಂದ 60 ಡಿಗ್ರಿ ನಿಲ್ಲುವಂತೆ ಅಲಗಿನ ಚಪ್ಪಟೆ ಮುಖಕ್ಕೆ ಸಣ್ಣ ಇಳಿಜಾರು ಮಸೆಯಬೇಕು, ಸಿಪ್ಪೆ ಕಾಗದದಷ್ಟು ತೆಳ್ಳಗೆ ತೆಗೆಯಬೇಕು. ಕೊನೆಗೆ ಉಕ್ಕಿನ ತಗಡಿನಿಂದ ಹೆರೆದರೆ ಮೈ ಕನ್ನಡಿಯಾಗುತ್ತದೆ. ಮೊಳೆ ನೇರವಾಗಿ ಬಡಿದರೆ ಒಂದೋ ಬಾಗುತ್ತದೆ, ಇಲ್ಲವೇ ಮರ ಸೀಳುತ್ತದೆ. ಸ್ಕ್ರೂಗೆ ಅದರ ಹಲ್ಲು ಬಿಟ್ಟು ಒಳಗಿನ ಕಡ್ಡಿಯಷ್ಟು ದಪ್ಪದ ತೂತು ಪೂರ್ತಿ ಆಳಕ್ಕೆ ಕೊರೆದು, ಸಾಬೂನು ಉಜ್ಜಿ ತಿರುಗಿಸಿ. ಹಿತ್ತಾಳೆ ಸ್ಕ್ರೂ ಹಾಕುವುದಾದರೆ ಮೊದಲು ಅದೇ ಅಳತೆಯ ಉಕ್ಕಿನದನ್ನು ಹಾಕಿ ತೆಗೆದು ದಾರಿ ಮಾಡಿ, ಇಲ್ಲದಿದ್ದರೆ ಕುತ್ತಿಗೆ ಮುರಿದು ಒಳಗೇ ಉಳಿಯುತ್ತದೆ.

ಅಂಟನ್ನು ಮಾತ್ರ ನಂಬಿ ಕೂಡಿಸಬೇಡಿ. ಇಷ್ಟು ಗಟ್ಟಿ ಮರದೊಳಗೆ ಅಂಟು ಇಳಿಯುವುದಿಲ್ಲ. ಕ್ಲಾಂಪ್ ಜೋರಾಗಿ ಬಿಗಿದರೆ ಇದ್ದ ಅಂಟೂ ಹೊರಗೆ ಬಂದು ಕೀಲು ಒಣ ಉಳಿಯುತ್ತದೆ. ಅಡ್ಡಪಟ್ಟಿಯಲ್ಲಿ ರಂಧ್ರ, ನಿಲುವುಕಂಬದಲ್ಲಿ ನಾಲಿಗೆ ಬಿಟ್ಟು ಕೂಡಿಸಿ, ಮೇಲಿಂದ ಅರ್ಧ ಇಂಚಿನ ಮರದ ಗೂಟ ಹೊಡೆಯಿರಿ. ನಾಲಿಗೆಯ ತೂತು ಕಾಲು ನೂಲಿನಷ್ಟು (ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ) ಭುಜದ ಕಡೆಗೆ ಸರಿದಿದ್ದರೆ ಗೂಟ ಇಳಿದಂತೆ ಕೀಲು ತಾನೇ ಬಿಗಿಯಾಗುತ್ತದೆ. ಬೇರೆ ಮರದಲ್ಲಿ ಅರ್ಧ ನೂಲು ಸರಿಸುತ್ತೇವೆ. ಕಮರ ಸ್ವಲ್ಪವೂ ಬಾಗದು, ಅಷ್ಟು ಸರಿಸಿದರೆ ನಾಲಿಗೆಯ ತುದಿ ಹಾರಿಹೋಗುತ್ತದೆ.

ಕುಂಟೆಯ ದಿಂಡಿಗೆ ಚೆನ್ನಾಗಿ ಬರುತ್ತದೆ. ಎರೆಭೂಮಿಯಲ್ಲಿ ಕುಡ (ಕುಂಟೆಯ ಕಬ್ಬಿಣದ ಅಲಗು) ನೆಲಕ್ಕೆ ಕೂರಲು ಆ ತೂಕವೇ ಸಹಾಯ. ಕೂರಿಗೆಗೂ ನೊಗಕ್ಕೂ ಬೇಡ, ಎತ್ತಿನ ಹೆಗಲಿಗೆ ಸುಮ್ಮನೆ ಭಾರ, ಅಲ್ಲಿ ಜಾಲಿಯೇ ಸರಿ. ಕೊಡಲಿ ಕಾವಿಗೂ ಬೇಡ. ಕಾವು ಏಟಿನ ಜೊತೆ ಸ್ವಲ್ಪ ಬಳುಕಬೇಕು, ಎಳೆ ಉದ್ದಕ್ಕೂ ನೆಟ್ಟಗಿರಬೇಕು. ಅದಕ್ಕೆ ದಿಂಡಿಗದ ಮರ ಹುಡುಕಿ.

ಯಾದಗಿರಿ ಕಡೆತದ ಕೆಲಸ

ಉಳಿದ ತುಂಡು, ಕೊಂಬೆಗಳ ಮಾತು ನನಗೆ ಬಿಡಿ. ಸಣ್ಣ ಕೆಲಸದಲ್ಲೇ ಈ ಮರದ ಬೆಲೆ ಇರುವುದು. ಬಡಿಗರ ಕೊಡತಿ, ಒನಕೆ, ಉಳಿಯ ಹಿಡಿ, ಲಟ್ಟಣಿಗೆ, ಮಂಚದ ಗಿಡ್ಡ ಕಾಲು, ಇವೆಲ್ಲ ಲೇಥಿನಲ್ಲಿ ಕಡೆಯಲು ಒಳ್ಳೆಯದು. ಕೊಡತಿಗೆ ತಲೆ ಮಾತ್ರ ಕಮರ, ಹಿಡಿ ಬೇರೆ ಮರದ್ದು ಇರಲಿ. 3 ಇಂಚು ದಪ್ಪ, 5 ಇಂಚು ಉದ್ದದ ದುಂಡು ತಲೆ ಸುಮಾರು 600 ಗ್ರಾಂ ತೂಗುತ್ತದೆ, ಉಳಿ ಹೊಡೆಯಲು ಹಿತವಾದ ತೂಕ.

ಕಡೆಯುವ ತುಂಡನ್ನು ಹಸಿ ಇರುವಾಗಲೇ ಬೇಕಾದ್ದಕ್ಕಿಂತ ಅರ್ಧ ಇಂಚು ದಪ್ಪ ಬಿಟ್ಟು ಒರಟಾಗಿ ದುಂಡು ಮಾಡಿ, ಮೈಪೂರ್ತಿ ಮೇಣ ಸವರಿ, ಗೋಣಿಯಲ್ಲಿ ಸುತ್ತಿ ಆರೇಳು ತಿಂಗಳು ಕತ್ತಲೆ ಕೋಣೆಯಲ್ಲಿ ಇಡಿ. ಆಮೇಲೆ ನಯಗೆಲಸ. ಕೊಂಬೆಯನ್ನು ಹಾಗೆಯೇ ದುಂಡಗೆ ಕಡೆದರೆ ನಡುದಿಂಡು ಒಳಗೆ ಉಳಿದು ಬಿರಿಯುತ್ತದೆ. ಎರಡೂವರೆ ಅಡಿ ಸುತ್ತಳತೆ ಎಂದರೆ ಒಂಬತ್ತೂವರೆ ಇಂಚು ಅಡ್ಡಳತೆ. ಉದ್ದಕ್ಕೆ ನಾಲ್ಕು ಸೀಳು ಮಾಡಿದರೆ ಪ್ರತಿಯೊಂದರಲ್ಲೂ ಎರಡೂವರೆ ಇಂಚಿನ ಒಳ್ಳೆಯ ತಿರುಳು ಸಿಗುತ್ತದೆ. ಹೈ ಸ್ಪೀಡ್ ಸ್ಟೀಲ್ ಉಳಿ ಬೇಕು, ಸಾದಾ ಉಕ್ಕಿನದು ನಿಮಿಷಕ್ಕೊಮ್ಮೆ ಮಸೆಯಲು ಕರೆಯುತ್ತದೆ. ಧೂಳು ಹಿಟ್ಟಿನಷ್ಟು ಸಣ್ಣ, ಮಾಸ್ಕ್ ಇಲ್ಲದೆ ಕಡೆಯಬೇಡಿ.

ತಮಿಳುನಾಡಿನ ನರಸಿಂಗಂಪೇಟೆಯಲ್ಲಿ ನಾಗಸ್ವರ ಮಾಡುವುದು ಈ ಮರದಲ್ಲೇ. ಅಲ್ಲಿ ಇದಕ್ಕೆ ಆಚ್ಚಾ ಮರ ಎನ್ನುತ್ತಾರೆ, ಆ ವಾದ್ಯಕ್ಕೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅವರು ಹೊಸ ಮರ ಮುಟ್ಟುವುದಿಲ್ಲ. ಹಳೆಯ ಮನೆ ಕೆಡವಿದಾಗ ಸಿಗುವ ತೊಲೆ, ಕಂಬಗಳನ್ನು ಕೊಳ್ಳುತ್ತಾರೆ. ಹತ್ತಾರು ವರ್ಷ ಬಿಸಿಲು-ಮಳೆಯ ಏರಿಳಿತ ಕಂಡು ಕದಲುವುದು ನಿಂತ ಮರದಲ್ಲಿ ಕೊರೆದ ಕೊಳವೆ ಬಿರಿಯುವುದಿಲ್ಲ. ಆದ್ದರಿಂದ ನಮ್ಮ ಮೂರು ಜಿಲ್ಲೆಯ ವಾಡೆ, ಮಾಳಿಗೆ ಮನೆ ಕೆಡವುವವರಿಗೆ ಒಂದು ಮಾತು. ಕಪ್ಪಗಾದ ಕಂಬ, ಬೋದಿಗೆ, ಜಂತಿಯನ್ನು ತೂಕಕ್ಕೆ ಮಾರುವ ಮೊದಲು ಒಂದು ಮೂಲೆ ಹೆರೆದು ನೋಡಿ. ಒಳಗೆ ನೇರಳೆ ಗೆರೆಯ ಕಡುಗಂದು ಇದ್ದು, ಆ ಸಿಗುರು ನೀರಲ್ಲಿ ಮುಳುಗಿದರೆ ಅದನ್ನು ಒಲೆಗೆ ಹಾಕುವುದು ಅನ್ಯಾಯ. ಒಣಗಿಸಲು ಕಾಯಬೇಕಾಗಿಲ್ಲದ ಕಮರ ಅದು.

ಸೇಡಂ ಸಸಿಮಡಿ

ಬುಡದ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾಲ್ಕಡಿ ಮೇಲೆ ಮುರಿದಿದ್ದರೆ ಅದನ್ನು ನೆಲಮಟ್ಟಕ್ಕೆ ಕಡಿಯಬೇಡಿ. ಕಮರ ನೆಲಮಟ್ಟದ ಬುಡದಿಂದ ಚಿಗುರುವುದನ್ನು ನೆಚ್ಚಲಾಗದು, ಆದರೆ ಎತ್ತರದಲ್ಲಿ ತಲೆ ಕಡಿದರೆ ಚೆನ್ನಾಗಿ ಚಿಗುರುತ್ತದೆ. ಸಿಗರು ಎದ್ದ ಭಾಗವನ್ನು ಮಳೆ ನೀರು ಜಾರುವಂತೆ ಓರೆಯಾಗಿ ಕೊಯ್ದು ಬಿಡಿ. ಚಿಗುರಿದಾಗ ಸುತ್ತ ಹರಡಿದ ನಾಲ್ಕೈದು ಗಟ್ಟಿ ಚಿಗುರು ಉಳಿಸಿ ಮಿಕ್ಕದ್ದು ತೆಗೆಯಿರಿ. ಎಲೆಯನ್ನು ದನ, ಆಡು ತಿನ್ನುತ್ತವೆ, ತೊಗಟೆಯ ನಾರಿನಿಂದ ಹಗ್ಗ ಹೊಸೆಯಬಹುದು. ಚಿಗುರು ಎರಡು ವರ್ಷ ಆಡಿನ ಬಾಯಿಗೆ ಸಿಗದಂತೆ ಮುಳ್ಳು ಕಟ್ಟಿ.

ಹೊಸದಾಗಿ ಹಚ್ಚುವ ಮನಸ್ಸಿದ್ದರೆ ಜಾಗ ನೋಡಿ ಹಚ್ಚಿ. ಚಿಂಚೋಳಿಯ ಗರಸು ದಿಣ್ಣೆ, ಸೇಡಂ-ಚಿತ್ತಾಪುರದ ಪರಸಿ ಕಲ್ಲಿನ ತೆಳುಮಣ್ಣು, ಯಾದಗಿರಿಯ ಗುಡ್ಡದ ಬುಡ, ಇಲ್ಲೆಲ್ಲ ಬರುತ್ತದೆ, ಬೇರು ಬಂಡೆಯ ಬಿರುಕಿನಲ್ಲಿ ಇಳಿಯುತ್ತದೆ. ನೀರು ನಿಲ್ಲುವ ಆಳ ಎರೆಯಲ್ಲಿ ಹಚ್ಚಬೇಡಿ, ಬೇರಿಗೆ ಉಸಿರಾಡಲು ಆಗದೆ ಕುಂಠಿತವಾಗುತ್ತದೆ. ಕಾಯಿ ಏಪ್ರಿಲ್-ಮೇನಲ್ಲಿ ಉದುರುತ್ತದೆ, ಎಲ್ಲ ವರ್ಷವೂ ಚೆನ್ನಾಗಿ ಬಿಡುವುದಿಲ್ಲ. ಬಿಟ್ಟ ವರ್ಷ ಆರಿಸಿ ಅದೇ ಮಳೆಗಾಲಕ್ಕೆ ಬಿತ್ತಿ. ಬೀಜ ನೆನೆಸುವುದು, ಉಜ್ಜುವುದು ಬೇಕಿಲ್ಲ. ಒಂದಡಿ ಗುಣಿಗೆ ಮೂರು ಕಾಯಿ, ಬೀಜದ ತುದಿ ಅರ್ಧ ಇಂಚು ಮಣ್ಣೊಳಗೆ, ರೆಕ್ಕೆ ಮೇಲೆ ಇದ್ದರೂ ನಡೆಯುತ್ತದೆ. ಸಸಿ ಹುಟ್ಟಿದ ಕೂಡಲೇ ತಾಯಿಬೇರು ಕೆಳಗೆ ಓಡುವುದರಿಂದ ಗಿಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿದರೆ ಬೇರು ಸುರುಳಿ ಸುತ್ತಿ, ನೆಟ್ಟ ಮೇಲೆ ಬೇಸಿಗೆಗೆ ಸಾಯುತ್ತದೆ. ಚೀಲದಲ್ಲೇ ಬೆಳೆಸಬೇಕಾದರೆ ಒಂದಡಿಗಿಂತ ಉದ್ದದ್ದು ತಗೊಳ್ಳಿ, ಬೇರು ತಳ ಮುಟ್ಟುವ ಮೊದಲೇ ಹೊಲಕ್ಕೆ ಒಯ್ಯಿರಿ. ಮೊದಲ ಕೆಲವು ವರ್ಷ ಮೇಲೆ ಬೆಳೆದದ್ದೇ ಕಾಣುವುದಿಲ್ಲ, ಸತ್ತಿದೆ ಎಂದು ಕಿತ್ತು ಹಾಕಬೇಡಿ.